ಹೆಸರಿಗೆ ನೋಟಿಸ್ ಬಂದರೆ ಕೆಲಸ ಬಿಡಬೇಕೇನ್ರಿ?

ಮಧ್ಯಾಹ್ನದ ಊಟ ಮುಗಿದಿದೆ. ಪಾತ್ರೆ ತೊಳೆದಿಟ್ಟು ಅರೆಗಳಿಗೆ ಕಾಲು ಚಾಚಿ ಕೂತಿದ್ದೀರಿ. ಪೋಸ್ಟ್‌ಮನ್ ಬಾಗಿಲು ತಟ್ಟುತ್ತಾನೆ. ‘ಸ್ಪೀಡ್ ಪೋಸ್ಟ್ ಐತ್ರಿ ಅಕ್ಕಾರೆ, ಸೈನ್ ಹಾಕ್ರಿ.’ ದಪ್ಪ ಕವರು. ಒಳಗೆ ನಾಲ್ಕು ಪುಟದ ಇಂಗ್ಲಿಷು, ಕೆಳಗೆ ವಕೀಲರ ಸೀಲು. ಓದಿದರೆ ಅರ್ಧ ಅರ್ಥವಾಗುತ್ತದೆ, ಆ ಅರ್ಧಕ್ಕೇ ಕೈಕಾಲು ತಣ್ಣಗಾಗುತ್ತದೆ. ನೀವು ನಿಮ್ಮ ಪುಟ್ಟ ವ್ಯಾಪಾರಕ್ಕೆ ಇಟ್ಟುಕೊಂಡ ಹೆಸರು ನಮ್ಮದು, ಹದಿನೈದು ದಿನದಲ್ಲಿ ಬಿಡಿ, ಇಲ್ಲದಿದ್ದರೆ ಕೋರ್ಟು!

ಹರಿಹರದ ಓದುಗರೊಬ್ಬರಿಗೆ ಆದದ್ದು ಇದೇ. ತಮ್ಮ ಹೆಸರು ಬೇಡ, ಅಂಗಡಿ ಹೆಸರೂ ಬೇಡ ಅಂದಿದ್ದಾರೆ. ಹಾಗಾಗಿ ಹೆಸರಿನ ಜಗಳವನ್ನು ಹೆಸರೇ ಹೇಳದೆ ಬರೆಯೋ ಪಾಡು ನನ್ನದು! 2014ರ ದೀಪಾವಳಿಗೆ ಮುಂಚೆ, ಓಣಿಯ ಇನ್ನಿಬ್ಬರು ಹೆಂಗಸರನ್ನು ಸೇರಿಸಿಕೊಂಡು ಅವರು ಕ್ಲೀನಿಂಗ್ ಕೆಲಸ ಶುರು ಮಾಡಿದರು. ಗೃಹಪ್ರವೇಶಕ್ಕೆ ಮೊದಲು ಹೊಸ ಮನೆಯ ಟೈಲ್ಸ್ ಮೇಲಿನ ಸಿಮೆಂಟು, ಪೇಂಟಿನ ಕಲೆ ತೆಗೆಯೋದು, ಸಂಪು-ಟ್ಯಾಂಕು ತೊಳೆಯೋದು, ಸೋಫಾ ಉಜ್ಜೋದು. ಹರಿಹರದಲ್ಲಿ ಕೆಲಸ ಕಡಿಮೆ. ಬೆಳಿಗ್ಗೆ ಬಕೆಟ್ಟು, ಬ್ರಷ್ಷು ಕಟ್ಟಿಕೊಂಡು ಬಸ್ ಹತ್ತಿದರೆ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆ. ವಿದ್ಯಾನಗರ, ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕು ಅಂತ ಮನೆಮನೆ ತಿರುಗಿ ಹೆಸರು ಮಾಡಿದರು. ಆ ಹೆಸರು ಯಾರದ್ದು? ಮಗಳದ್ದು. ಮುದ್ದಾಗಿದೆ ಅಂತ ಅದರ ಮುಂದೆ ‘ಕ್ಲೀನಿಂಗ್ ಸರ್ವಿಸ್’ ಅಂತ ಸೇರಿಸಿ ಪಾಂಪ್ಲೆಟ್ ಹಾಕಿಸಿದ್ದರು, ಅಷ್ಟೇ.

ಎರಡು ವರ್ಷದ ಹಿಂದೆ ನೆಲ ಒರೆಸೋ ಲಿಕ್ವಿಡ್ಡನ್ನೂ ಮನೆಯಲ್ಲೇ ಮಾಡಿ, ಬಾಟಲಿಗೆ ಅದೇ ಹೆಸರಿನ ಲೇಬಲ್ ಅಂಟಿಸಿ ಮಾರಲು ಶುರು ಮಾಡಿದರು. ಬಂತು ನೋಡಿ ಆಪತ್ತು! ಅದೇ ಹೆಸರಲ್ಲಿ ಬೇರೆ ಊರಿನ ಕಂಪನಿಯೊಂದು ನೆಲ ತೊಳೆಯೋ ಲಿಕ್ವಿಡ್ ಮಾರುತ್ತದಂತೆ, ಅದು ಅವರ ನೋಂದಾಯಿತ ಟ್ರೇಡ್‌ಮಾರ್ಕ್ ಅಂತೆ. ಹೆಸರು ಪೂರ್ತಿ ಬಿಡಬೇಕು, ಬೋರ್ಡು-ಬಾಟಲಿ ಎಲ್ಲ ಒಪ್ಪಿಸಬೇಕು, ಐದು ಲಕ್ಷ ಪರಿಹಾರ ಕೊಡಬೇಕು, ಮುಂದೆಂದೂ ಬಳಸುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಬೇಕು.

ಮನೆಯಲ್ಲಿ ಏನಂದರು ಗೊತ್ತಾ? ಯಜಮಾನರು, ‘ಕೋರ್ಟು ಕಚೇರಿ ನಮಗ್ಯಾಕೆ? ಇದ್ದಷ್ಟು ದಿನ ಮಾಡಿದ್ದಾಯ್ತು, ಬಿಟ್ಟುಬಿಡು’ ಅಂದರು. ಮೈದುನ, ‘ಹರಿದು ಒಲೆಗೆ ಹಾಕಿ ಅತ್ತಿಗೆ, ಹರಿಹರದ ತನಕ ಯಾರು ಬರ್ತಾರೆ’ ಅಂದ. ಇಬ್ಬರೂ ಒಳ್ಳೇದಕ್ಕೇ ಹೇಳಿದ್ದು. ಆದರೆ ನನ್ನ ಕೇಳಿದರೆ ಎರಡೂ ತಪ್ಪು. ಮೊದಲನೆಯದಂತೂ ದೊಡ್ಡ ತಪ್ಪು. ಗಂಡಸಿನ ಅಂಗಡಿಗೆ ಇಂಥ ಕಾಗದ ಬಂದಿದ್ದರೆ ‘ಬಿಟ್ಟುಬಿಡು’ ಅನ್ನೋ ಮಾತು ಅಷ್ಟು ಬೇಗ ಬರ್ತಿತ್ತಾ ಹೇಳಿ? ಹೆಂಗಸಿನ ದುಡಿಮೆ ಅಂದರೆ ಮನೆಯವರಿಗೆ ಅದು ಕೈಖರ್ಚಿನ ಬಾಬತ್ತು. ಆ ದುಡ್ಡಲ್ಲೇ ಮಗಳ ಡಿಪ್ಲೊಮಾ ಫೀಜು ಕಟ್ಟಿದ್ದು ಯಾರಿಗೂ ನೆನಪಿಗೆ ಬರಲಿಲ್ಲ.

ನೋಟಿಸು ಬೇರೆ, ಸಮನ್ಸು ಬೇರೆ

ಮೊದಲು ಕಾಗದ ಯಾರ ಕಡೆಯಿಂದ ಬಂದಿದೆ ನೋಡಿ. ವಕೀಲರ ಕಡೆಯಿಂದ ಬಂದರೆ ಅದು ನೋಟಿಸು. ಅದರಲ್ಲಿ ಬರೆದ ಹದಿನೈದು ದಿನ ವಕೀಲರು ಕೊಟ್ಟ ಗಡುವೇ ಹೊರತು ಜಡ್ಜ್ ಕೊಟ್ಟದ್ದಲ್ಲ. ಹದಿನಾರನೇ ದಿನ ಪೊಲೀಸ್ ಜೀಪು ಬಂದು ನಿಲ್ಲೋದಿಲ್ಲ. ಐದು ಲಕ್ಷವೂ ಅಷ್ಟೇ. ಪರಿಹಾರ ಕೊಡಬೇಕೋ ಬೇಡವೋ, ಎಷ್ಟು ಅನ್ನೋದನ್ನು ತೀರ್ಮಾನಿಸೋದು ನ್ಯಾಯಾಲಯ. ನೋಟಿಸಿನಲ್ಲಿ ಯಾವ ಅಂಕಿ ಬೇಕಾದರೂ ಟೈಪ್ ಮಾಡಬಹುದು.

ನ್ಯಾಯಾಲಯದಿಂದ ಬಂದರೆ ಅದು ಸಮನ್ಸು. ಅದರ ಮೇಲೆ ಕೇಸ್ ನಂಬರು, ಹಾಜರಾಗಬೇಕಾದ ತಾರೀಖು ಇರುತ್ತೆ. ಅದನ್ನು ಮಾತ್ರ ಒಂದು ದಿನವೂ ಮೂಲೆಗಿಡಬೇಡಿ. ನೀವು ಹೋಗದಿದ್ದರೆ ಇನ್ನೊಂದು ಕಡೆಯವರ ಮಾತಷ್ಟೇ ಕೇಳಿ ತಡೆಯಾಜ್ಞೆ ಆಗಿಬಿಡಬಹುದು. ಟ್ರೇಡ್‌ಮಾರ್ಕ್ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹಾಕಲು ಬರೋದಿಲ್ಲ. ಕಂಪನಿ ತಾನು ವ್ಯಾಪಾರ ಮಾಡೋ ಊರಲ್ಲೂ ಹಾಕಲು ಕಾನೂನಿನಲ್ಲಿ ದಾರಿ ಇದೆ. ಆದ್ದರಿಂದ ‘ಹರಿಹರದ ತನಕ ಯಾರು ಬರ್ತಾರೆ’ ಅನ್ನೋ ಮೈದುನನ ಲೆಕ್ಕ ಸರಿಯಿಲ್ಲ. ಅವರು ಬರಬೇಕಾಗೇ ಇಲ್ಲ, ನೀವೇ ಅಲ್ಲಿಗೆ ಓಡಾಡಬೇಕಾಗಬಹುದು!

ಇನ್ನು ಜೈಲಿನ ಮಾತು. ಬೇಕಂತಲೇ ನಕಲಿ ಮಾರ್ಕು ಹಾಕಿ ಮಾರೋದು ಅಪರಾಧ, ಅದಕ್ಕೆ ಆರು ತಿಂಗಳಿಂದ ಮೂರು ವರ್ಷದ ತನಕ ಶಿಕ್ಷೆ ಇದೆ, ಹೌದು. ನೋಟಿಸಿನಲ್ಲಿ ಆ ಕಲಂಗಳನ್ನೂ ತುರುಕಿರ್ತಾರೆ. ಆದರೆ ವಾರಂಟ್ ಇಲ್ಲದೆ ಮಾಲು ಜಪ್ತಿ ಮಾಡಲು ಡಿವೈಎಸ್ಪಿ ದರ್ಜೆಗಿಂತ ಕಡಿಮೆಯವರು ಬರುವ ಹಾಗಿಲ್ಲ. ಅವರೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆದಿರಬೇಕು. ಮಗಳ ಹೆಸರಿಟ್ಟು ಟ್ಯಾಂಕ್ ತೊಳೆಯೋರಿಗೂ ಡುಪ್ಲಿಕೇಟ್ ಮಾಲು ಮಾರೋರಿಗೂ ವ್ಯತ್ಯಾಸ ಕಾನೂನಿಗೆ ಗೊತ್ತಿದೆ.

ಒಂದು ಎಚ್ಚರಿಕೆ. ಕಾಗದದಲ್ಲಿ ಹೇಳಿದ ಟ್ರೇಡ್‌ಮಾರ್ಕ್ ನಂಬರು ನಿಜವಾ ಅಂತ ನೋಡದೆ ಯಾರಿಗೂ ಒಂದು ರೂಪಾಯಿ ಕಳಿಸಬೇಡಿ. ಕೇಂದ್ರ ಸರ್ಕಾರದ ಐಪಿ ಇಂಡಿಯಾ ವೆಬ್‌ಸೈಟಿನಲ್ಲಿ ಹುಡುಕಿದರೆ ಅದು ಯಾರ ಹೆಸರಲ್ಲಿದೆ, ಯಾವ ವಸ್ತುವಿಗೆ, ಯಾವತ್ತು ಅರ್ಜಿ ಹಾಕಿದ್ದು, ಯಾವತ್ತಿಂದ ಬಳಸ್ತಿದೀವಿ ಅಂತ ಅವರೇ ಹೇಳಿಕೊಂಡದ್ದು, ಎಲ್ಲ ಸಿಗುತ್ತದೆ. ಕಾಲೇಜಿಗೆ ಹೋಗೋ ಮಗನೋ ಮಗಳೋ ಇದ್ದರೆ ಹತ್ತು ನಿಮಿಷದ ಕೆಲಸ. ನೋಂದಣಿ ಬಾಳೋದು ಹತ್ತು ವರ್ಷ, ಆಮೇಲೆ ನವೀಕರಿಸಬೇಕು. ಅದು ಜೀವಂತ ಇದೆಯಾ ಅಂತಲೂ ನೋಡಿ.

ನಂದಿನಿ ಹಾಲು, ನಂದಿನಿ ಹೋಟೆಲು

ಹೆಸರು ಒಂದೇ ಆದ ಮಾತ್ರಕ್ಕೆ ತಪ್ಪಾಗುತ್ತಾ? ದಿನಾ ಬೆಳಿಗ್ಗೆ ಬಾಗಿಲಿಗೆ ಬರೋ ಹಾಲಿನ ಪ್ಯಾಕೆಟ್ಟನ್ನೇ ನೋಡಿ. ಕರ್ನಾಟಕ ಹಾಲು ಮಹಾಮಂಡಳ ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿದೆ. ಬೆಂಗಳೂರಿನಲ್ಲಿ 1989ರಲ್ಲಿ ‘ನಂದಿನಿ ಡಿಲಕ್ಸ್’ ಅಂತ ಹೋಟೆಲ್ ಶುರುವಾಯಿತು. ಹೋಟೆಲಿನವರು ಹೆಸರು ನೋಂದಾಯಿಸಲು ಹೋದಾಗ ಮಹಾಮಂಡಳ ತಕರಾರು ತೆಗೆಯಿತು. 2007ರಲ್ಲಿ ಟ್ರೇಡ್‌ಮಾರ್ಕ್ ಅಧಿಕಾರಿಗಳು ಹೋಟೆಲಿನ ಪರ, 2011ರಲ್ಲಿ ಮೇಲ್ಮನವಿ ಮಂಡಳಿ ಹಾಲಿನ ಪರ, ಮುಂದೆ ಹೈಕೋರ್ಟೂ ಹಾಲಿನ ಪರ. ಕಡೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರ ತೀರ್ಪು ಕೊಟ್ಟಿತು. ನಂದಿನಿ ಅನ್ನೋದು ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೋ ಹೊಸದಾಗಿ ಹುಟ್ಟಿಸಿದ ಪದವಲ್ಲ, ಎರಡರ ಚಿತ್ರ-ಬರಹ ಬೇರೆ, ಮಾರೋ ಪದಾರ್ಥ ಬೇರೆ, ಜನ ಮೋಸಹೋಗೋ ಹಾಗಿಲ್ಲ ಅಂತ.

ಇಷ್ಟು ಕೇಳಿ ನಮ್ಮ ಓದುಗರು ಫೋನಿನಲ್ಲೇ ಖುಷಿಯಾಗಿಬಿಟ್ಟರು. ‘ಹಂಗಾದ್ರೆ ನಂದೂ ದೇವರ ಹೆಸರೇ ಅಲ್ಲೇನ್ರಿ!’ ತಡೀರಿ ಅಂದೆ. ಆ ಕೇಸಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಜನ ಮರೀತಾರೆ. ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಆ ಹೆಸರು ಬಳಸೋದಿಲ್ಲ ಅಂತ ಹೋಟೆಲಿನವರು ಒಪ್ಪಿಕೊಂಡರು, ನ್ಯಾಯಾಲಯ ಅವನ್ನು ನೋಂದಣಿಯಿಂದ ತೆಗೆಸಿತು. ಅನ್ನ-ಸಾರು ನಮ್ಮದು, ಹಾಲು-ಮೊಸರು ನಿಮ್ಮದು. ಬಿಡಬೇಕಾದ್ದನ್ನು ಬಿಟ್ಟರು, ಆದ್ದರಿಂದಲೇ ಉಳಿಸಿಕೊಳ್ಳಬೇಕಾದ್ದು ಉಳಿಯಿತು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರೋದೂ ಇಷ್ಟೇ ಅನ್ನಿ.

ನಮ್ಮ ಓದುಗರದ್ದು ಎರಡು ವ್ಯಾಪಾರ. ಟ್ಯಾಂಕು, ಟೈಲ್ಸು ತೊಳೆಯೋ ಸೇವೆ ಒಂದು. ಬಾಟಲಿಯಲ್ಲಿ ಲಿಕ್ವಿಡ್ ಮಾರೋದು ಇನ್ನೊಂದು. ನೋಂದಣಿ ಕಚೇರಿಯಲ್ಲೂ ಇವಕ್ಕೆ ಬೇರೆ ಬೇರೆ ವರ್ಗ: ಸೋಪು, ತೊಳೆಯೋ ಲಿಕ್ವಿಡ್ಡು 3ನೇ ವರ್ಗ, ಕ್ರಿಮಿನಾಶಕ ಫಿನಾಯಿಲ್ ಥರದ್ದು 5ನೇ ವರ್ಗ, ಕಟ್ಟಡ ಶುಚಿ ಮಾಡೋ ಸೇವೆ 37ನೇ ವರ್ಗ. ಹಾಗಂತ ವರ್ಗ ಬೇರೆ ಅಂದ ಕೂಡಲೇ ಬಚಾವ್ ಅಂದುಕೊಳ್ಳಬೇಡಿ. ಹಾಲಿಗೂ ಬಿರಿಯಾನಿಗೂ ಇರೋ ದೂರ ಲಿಕ್ವಿಡ್ಡಿಗೂ ಟ್ಯಾಂಕ್ ತೊಳೆಯೋದಕ್ಕೂ ಇಲ್ಲ. ‘ಆ ಲಿಕ್ವಿಡ್ ಕಂಪನಿಯೋರೇ ಕೆಲಸದವರನ್ನೂ ಕಳಿಸ್ತಿರಬೇಕು’ ಅಂತ ಗಿರಾಕಿ ಅಂದುಕೊಂಡರೆ ಅದೇ ಗೊಂದಲ. ಬಾಟಲಿಯ ವಿಷಯದಲ್ಲಂತೂ ನಮ್ಮ ಓದುಗರ ಪರವಾಗಿ ಹೇಳೋಕೆ ಏನೂ ಇಲ್ಲ. ಅದೇ ಹೆಸರು, ಅದೇ ಪದಾರ್ಥ, ಶುರು ಮಾಡಿದ್ದು ಕಂಪನಿಗಿಂತ ಎಷ್ಟೋ ವರ್ಷ ಆಮೇಲೆ. ಸೇವೆಯ ವಿಷಯ ಮಾತ್ರ ಬೇರೆ. ಯಾಕೆಂದರೆ ಅಲ್ಲಿ ಅವರೇ ಮೊದಲು!

ಮಗಳ ಹೆಸರು ಅನ್ನೋ ವಾದವೂ ನಡೆಯೋದು ಕಷ್ಟ ಕಣ್ರೀ. ಮನುಷ್ಯ ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸೋದಕ್ಕೆ ಕಾನೂನು ರಕ್ಷಣೆ ಕೊಡುತ್ತದೆ. ಮಗಳ ಹೆಸರು, ಮನೆದೇವರ ಹೆಸರು, ಕುಲದೇವತೆ ಹೆಸರು ಅಂದರೆ ಆ ರಕ್ಷಣೆ ತಾನಾಗಿ ಸಿಗೋದಿಲ್ಲ. ಇನ್ನು ಊರಿನ ಹೆಸರು, ಕೆಲಸದ ಹೆಸರು? ನಮ್ಮ ದಾವಣಗೆರೆ ಬೆಣ್ಣೆ ದೋಸೆಯ ಬೋರ್ಡು ಬೆಂಗಳೂರಲ್ಲಿ ಎಷ್ಟು ಬೀದಿಯಲ್ಲಿಲ್ಲ ಹೇಳಿ. ಊರು, ಬೆಣ್ಣೆ, ದೋಸೆ ಮೂರೂ ಬರೀ ಏನು-ಎಲ್ಲಿಯದು ಅಂತ ಹೇಳೋ ಪದಗಳು, ಒಬ್ಬರೇ ಬೇಲಿ ಹಾಕಿಕೊಳ್ಳೋದು ಸುಲಭವಲ್ಲ. ‘ದಾವಣಗೆರೆ ಮನೆ ಕ್ಲೀನಿಂಗ್’ ಅಂತ ಹೆಸರಿಟ್ಟರೆ ಯಾರೂ ತಕರಾರು ತೆಗೆಯೋದಿಲ್ಲ, ಆದರೆ ಪಕ್ಕದವರು ಅದೇ ಇಟ್ಟರೆ ನೀವೂ ಕೇಳೋ ಹಾಗಿಲ್ಲ!

ಮೊದಲು ಯಾರು?

ಟ್ರೇಡ್‌ಮಾರ್ಕ್ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್‌ನಲ್ಲಿ. ಅದರ 34ನೇ ಕಲಂ ನಿಮ್ಮಂಥವರಿಗೆ ಆಸರೆ. ಕಂಪನಿ ಹೆಸರು ಬಳಸಲು ಶುರು ಮಾಡಿದ ದಿನ ಒಂದು, ಅದರ ನೋಂದಣಿಯ ದಿನ ಇನ್ನೊಂದು. ಎರಡರಲ್ಲಿ ಯಾವುದು ಹಿಂದಿನದೋ ಅದಕ್ಕಿಂತಲೂ ಮೊದಲಿಂದ ನೀವು ಬಿಡದೆ ಬಳಸಿಕೊಂಡು ಬಂದಿದ್ದರೆ ನಿಮ್ಮನ್ನು ತಡೆಯಲು ಬರೋದಿಲ್ಲ. ನೋಂದಣಿ ಪತ್ರ ಇದೆ ಅಂತ ಎದೆ ಸೆಟೆಸಿದರೆ ಸಾಲದು.

ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ‘ಇರುಟ್ಟುಕಡೈ ಹಲ್ವಾ’ ಅಂತ ಪ್ರಸಿದ್ಧ. ಕತ್ತಲೆ ಅಂಗಡಿ ಹಲ್ವಾ ಅಂತ ಅರ್ಥ. 1900ರಿಂದ ಒಂದು ಮನೆತನದ ವ್ಯಾಪಾರ. ಮುಂದೆ ಇನ್ನೊಬ್ಬರು ಅದರ ಹಿಂದೆ ಊರ ಹೆಸರು ಸೇರಿಸಿ ‘ತಿರುನೆಲ್ವೇಲಿ ಇರುಟ್ಟುಕಡೈ ಹಲ್ವಾ’ ಅಂತ ತಾವೂ ನೋಂದಾಯಿಸಿಕೊಂಡರು. ಹಳೇ ಅಂಗಡಿಯ ಪರವಾಗಿ ಕೋರ್ಟು ಹತ್ತಿದ್ದು ಒಬ್ಬ ಹೆಣ್ಣುಮಗಳು, ಪಿ. ಸುಲೋಚನಾ ಬಾಯಿ. 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ನೋಂದಣಿಗಿಂತ ಮೊದಲಿಂದ ಬಳಸಿದವರ ಹಕ್ಕೇ ಮೇಲು ಅಂತ.

ಅದಕ್ಕೂ ಹಳೆಯದೊಂದಿದೆ. ಅಜ್ಜಿ ಕಾಲದಲ್ಲಿ ಹೊಟ್ಟೆನೋವಿಗೆ ಸಕ್ಕರೆ ಮೇಲೆ ಎರಡು ಹನಿ ಹಾಕಿ ಕೊಡ್ತಿದ್ದ ಅಮೃತಧಾರಾ ನೆನಪಿದೆಯಾ? ‘ಲಕ್ಷ್ಮಣಧಾರಾ’ ಅನ್ನೋ ಇನ್ನೊಂದು ಔಷಧಿಯ ಮೇಲೆ ಅವರ ತಕರಾರು ಸುಪ್ರೀಂ ಕೋರ್ಟಿನ ತನಕ ಹೋಗಿ 1962ರಲ್ಲಿ ತೀರ್ಮಾನವಾಯಿತು. ಎರಡು ಸೀಸೆ ಅಕ್ಕಪಕ್ಕ ಇಟ್ಟು ಹೋಲಿಸಬೇಡಿ, ಅರ್ಧಂಬರ್ಧ ನೆನಪಿಟ್ಟುಕೊಂಡು ಅಂಗಡಿಗೆ ಹೋಗೋ ಸಾಮಾನ್ಯ ಮನುಷ್ಯನ ಕಿವಿಗೆ ಹೇಗೆ ಕೇಳುತ್ತೆ ನೋಡಿ ಅಂದಿತು ನ್ಯಾಯಾಲಯ. ಹಾಗೆ ನೋಡಿದರೆ ಎರಡೂ ಒಂದೇ ಥರ ಕೇಳುತ್ತೆ ಅಂತಲೂ ಅಂದಿತು. ಆದರೆ ಲಕ್ಷ್ಮಣಧಾರಾ ಎಷ್ಟೋ ಕಾಲದಿಂದ ಉತ್ತರ ಪ್ರದೇಶದಲ್ಲಿ ಮಾರಾಟವಾಗುತ್ತಿತ್ತು, ಅಮೃತಧಾರಾದವರು ಸುಮ್ಮನಿದ್ದರು. ಹಾಗಾಗಿ ಆ ಒಂದು ರಾಜ್ಯದ ಮಟ್ಟಿಗೆ ನೋಂದಣಿಗೆ ಒಪ್ಪಿತು. ದಾವಣಗೆರೆ-ಹರಿಹರದ ಆಚೆ ಕಾಲಿಡದ ಪುಟ್ಟ ವ್ಯಾಪಾರಿಗೆ ಇದು ಎಂಥಾ ಧೈರ್ಯದ ಮಾತು! ನಮ್ಮ ಜಿಲ್ಲೆಯ ಮಟ್ಟಿಗೆ ನಾವಿರ್ತೀವಿ, ನೀವು ಉಳಿದ ಕಡೆ ಇರಿ ಅಂತ ರಾಜಿಗೆ ಕೂರಬಹುದು.

ಪುಟ್ಟ ವ್ಯಾಪಾರಿಗಳಿಗೇ ಈ ಗ್ರಹಚಾರ ಅಂತಲೂ ಅಲ್ಲ ಬಿಡಿ. ಕೆಎಸ್ಆರ್‌ಟಿಸಿ ಅನ್ನೋ ಐದಕ್ಷರಕ್ಕೆ ಕೇರಳ, ಕರ್ನಾಟಕದ ಸಾರಿಗೆ ಸಂಸ್ಥೆಗಳೇ ವರ್ಷಗಟ್ಟಲೆ ಕಿತ್ತಾಡಿದವು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ವಜಾ ಮಾಡಿದ ಮೇಲೆ ನಮ್ಮ ಬಸ್ಸಿಗೆ ಆ ಹೆಸರು ಉಳಿಯಿತು.

‘ನಾನೇ ಮೊದಲು’ ಅಂದರೆ ಸಾಕಾ? ತೋರಿಸಬೇಕಲ್ಲ! ನಾವು ಹೆಂಗಸರು ಎಡವೋದೇ ಇಲ್ಲಿ. ‘ಬಿಲ್ ಯಾಕ್ರೀ, ನಮ್ಮೋರೇ ಅಲ್ವಾ’ ಅಂತ ಬಿಲ್ ಬುಕ್ಕೇ ಮಾಡಿಸಿರೋದಿಲ್ಲ. ದುಡ್ಡು ನಗದಲ್ಲಿ ಬಂದು ಸಾಸಿವೆ ಡಬ್ಬಿ ಸೇರುತ್ತೆ. ಲೆಕ್ಕ ಬರೆದಿದ್ದರೆ ಹಾಲಿನ ಕ್ಯಾಲೆಂಡರಿನ ಹಿಂಬದಿ, ಯುಗಾದಿ ಬಂದ ಕೂಡಲೇ ಅದು ರದ್ದಿಗೆ. ನಮ್ಮ ಓದುಗರದ್ದೂ ಅದೇ ಕಥೆ. ‘ಏನೂ ಇಲ್ರೀ ನನ್ಹತ್ರ’ ಅಂತ ಅಳೋಕೇ ಶುರು ಮಾಡಿದರು.

ಇಲ್ಲ ಅನ್ನೋ ಮೊದಲು ಹುಡುಕಿ ಅಂದೆ. ಒಂದು ವಾರ ಹುಡುಕಿದರು. ಏನೇನು ಸಿಕ್ಕಿತು ಕೇಳಿ. ಪೇಪರಿನೊಳಗೆ ಇಟ್ಟು ಹಂಚಿಸಿದ್ದ ಮೊದಲ ಪಾಂಪ್ಲೆಟ್ಟು, ‘ದೀಪಾವಳಿ 2014’ ಅಂತ ದಪ್ಪ ಅಕ್ಷರದಲ್ಲಿ, ಕೆಳಗೆ ದಾವಣಗೆರೆಯ ಪ್ರೆಸ್ಸಿನ ಹೆಸರಿನ ಸಮೇತ. ಎಲ್ಲಿತ್ತು ಗೊತ್ತಾ? ಅಡುಗೆಮನೆಯ ಶೆಲ್ಫಿನಲ್ಲಿ, ಬೇಳೆ ಡಬ್ಬಿಗಳ ಕೆಳಗೆ ಹಾಸಿದ್ದ ಕಾಗದಗಳ ನಡುವೆ! ಪ್ರೆಸ್ಸಿನವರ ಹಳೇ ಪುಸ್ತಕದಲ್ಲಿ ಆ ಆರ್ಡರೂ ಸಿಕ್ಕಿತು. ನರ್ಸಿಂಗ್ ಹೋಮ್ ಒಂದು ತಿಂಗಳು ತಿಂಗಳು ಚೆಕ್ ಕೊಡುತ್ತಿದ್ದದ್ದು ಪಾಸ್‌ಬುಕ್ಕಿನಲ್ಲಿತ್ತು. ಹಳೇ ಗಿರಾಕಿಯೊಬ್ಬರ ವಾಟ್ಸಾಪಿನಲ್ಲಿ ‘ನಾಳೆ ಎಷ್ಟೊತ್ತಿಗೆ ಬರ್ತೀರಿ’ ಅನ್ನೋ ಮೆಸೇಜುಗಳು, ಅಂಗಡಿ ಹೆಸರಿನ ಕಾಂಟ್ಯಾಕ್ಟು ಸಮೇತ, ತಾರೀಖು ಸಮೇತ ಇದ್ದವು. ಗೃಹಪ್ರವೇಶದ ಫೋಟೊ ಒಂದರಲ್ಲಿ ಹಿಂದೆ ನಿಂತ ಕೆಲಸದವರ ಏಪ್ರನ್ನಿನ ಮೇಲೆ ಹೆಸರು ಕಾಣುತ್ತಿತ್ತು. ಇಂಥದ್ದೇ ಬೇಕಾಗಿರೋದು. ನಿಮ್ಮಲ್ಲಿ ಯಾರಿಗಾದರೂ ಮನೆಯಿಂದ ಟೈಲರಿಂಗೋ, ಉಪ್ಪಿನಕಾಯಿಯೋ, ಟ್ಯೂಷನ್ನೋ ಇದ್ದರೆ ಇವತ್ತೇ ಒಂದು ಫೈಲು ಮಾಡಿ ಪ್ರತಿ ವರ್ಷದ್ದೂ ಎರಡು ಮೂರು ಕಾಗದ ಹಾಕಿಡಿ. ನಗರಪಾಲಿಕೆ ಲೈಸೆನ್ಸಿನ ರಶೀದಿ ಇದ್ದರೆ ಇನ್ನೂ ಒಳ್ಳೇದು.

ಕೊರೊನಾ ಕಾಲದಲ್ಲಿ ನಮ್ಮ ಓದುಗರ ಕೆಲಸ ತಿಂಗಳುಗಟ್ಟಲೆ ನಿಂತಿತ್ತು. ‘ಬಿಡದೆ ಬಳಸಿದ್ದೀರಾ’ ಅಂತ ಎದುರಿನವರು ಕೇಳೋದು ಅಲ್ಲೇ. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಕ್ಕೆ ಹೆಸರು ಕೈಬಿಟ್ಟರು ಅಂತ ಅರ್ಥವಲ್ಲ. ಆದರೂ ಮತ್ತೆ ಕೆಲಸಕ್ಕೆ ಹೋದ ತಕ್ಷಣದ ಕಾಗದ ಒಂದು ಇರಲಿ, ವಕೀಲರಿಗೂ ಮೊದಲೇ ಹೇಳಿಬಿಡಿ.

ವಕೀಲರಿಗೆ ದುಡ್ಡೆಲ್ಲಿ ತರೋದು?

ಈ ಪ್ರಶ್ನೆ ಬಂದೇ ಬರುತ್ತೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಒಂದು ಮಾತಿದೆ, ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಹೆಣ್ಣುಮಗಳು ಅಂದ ಮೇಲೆ ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹಳು. ಬಡವಿ ಅಂತ ಸರ್ಟಿಫಿಕೇಟ್ ತರಬೇಕಿಲ್ಲ, ಗಂಡನ ಸಂಬಳ ಹೇಳಬೇಕಿಲ್ಲ. ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಹರಿಹರದಲ್ಲಿ ತಾಲ್ಲೂಕು ಸಮಿತಿ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಅಲ್ಲಿ ಸಿಗೋ ವಕೀಲರಿಗೆ ಟ್ರೇಡ್‌ಮಾರ್ಕ್ ಕೇಸು ನಡೆಸಿ ಅಭ್ಯಾಸ ಇರಲಿಕ್ಕಿಲ್ಲ, ನಿಜ ಹೇಳಬೇಕಲ್ಲ. ಆದರೆ ನೋಟಿಸ್ ಓದಿ ಅರ್ಥ ಹೇಳೋಕೆ, ಗಡುವಿನೊಳಗೆ ಒಂದು ಉತ್ತರ ಕಳಿಸೋಕೆ ಅಷ್ಟು ಸಾಕು. ಕಂಪನಿಯವರು ದಾವೆಗೆ ಮೊದಲು ಮಧ್ಯಸ್ಥಿಕೆಗೆ ಅರ್ಜಿ ಹಾಕಿದರೂ ಪ್ರಾಧಿಕಾರದಿಂದಲೇ ಕರೆ ಬರುತ್ತೆ. ಅದಕ್ಕೆ ಹೋಗಿ, ಹೆದರಬೇಡಿ.

ಉತ್ತರ ಕೊಡೋ ತನಕ ನಾಲಿಗೆಗೊಂದು ಬೀಗ ಇರಲಿ. ಕಂಪನಿಗೆ ಫೋನ್ ಮಾಡಿ ಅಳೋದು, ‘ಗೊತ್ತಾಗದೆ ತಪ್ಪಾಯ್ತು ಸರ್’ ಅಂತ ವಾಟ್ಸಾಪ್ ಹಾಕೋದು ಬೇಡವೇ ಬೇಡ. ನಾಳೆ ಅದೇ ತಪ್ಪೊಪ್ಪಿಗೆ ಅಂತ ಎದುರಿಗೆ ಬರುತ್ತೆ. ಅವರು ಕಳಿಸಿದ ಮುಚ್ಚಳಿಕೆಗೆ ಹಾಗೇ ಸಹಿ ಹಾಕಬೇಡಿ. ‘ಈ ಹೆಸರನ್ನು ಯಾವುದೇ ರೂಪದಲ್ಲಿ, ಯಾವುದೇ ವ್ಯಾಪಾರಕ್ಕೆ, ಎಂದೆಂದಿಗೂ’ ಅಂತ ಬರೆದಿರ್ತಾರೆ. ಆ ಒಂದು ಸಾಲಿನಲ್ಲಿ ನಿಮ್ಮ ಹತ್ತು ವರ್ಷ ಹೋಗಿಬಿಡುತ್ತೆ! ಹಾಗೇ ಬೈದು ಬರೆಯೋದೂ ಬೇಡ. ಆಧಾರವಿಲ್ಲದೆ ಬೆದರಿಸಿದವರ ಮೇಲೆ ನಾವೇ ದಾವೆ ಹಾಕಲು 142ನೇ ಕಲಂ ಇದೆ ಅಂತ ಕೆಲವರು ಹುರಿದುಂಬಿಸ್ತಾರೆ. ಇದೆ ನಿಜ. ಆದರೆ ಬಕೆಟ್ ಹಿಡಿದು ದುಡಿಯೋರಿಗೆ ಇನ್ನೊಂದು ಕೇಸು ಯಾಕೆ? ನನಗಂತೂ ಸರಿ ಕಾಣೋದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಿಷ್ಠುರದ ಮಾತೊಂದನ್ನು ಹೇಳಿಬಿಡ್ತೀನಿ. ಟಿವಿಯಲ್ಲಿ ದಿನಾ ಬರೋ ಫಿನಾಯಿಲ್ ಹೆಸರಿಗೆ ಒಂದಕ್ಷರ ತಿರುಚಿಯೋ, ಮೊಬೈಲಿನ ಮನೆಕೆಲಸದ ಆ್ಯಪ್ ಹೆಸರನ್ನು ಕನ್ನಡಕ್ಕೆ ಒಗ್ಗಿಸಿಯೋ ನೀವು ಹೆಸರಿಟ್ಟಿದ್ದರೆ, ಹಾಗೆ ಇಡುವಾಗ ‘ಜನಕ್ಕೆ ಬೇಗ ಗುರುತು ಸಿಗುತ್ತೆ’ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದರೆ, ನೋಟಿಸ್ ಬರೋ ತನಕ ಕಾಯಬೇಡಿ. ಬದಲಾಯಿಸಿ. ಬೋರ್ಡು, ಬಿಲ್ ಬುಕ್ಕು, ಏಪ್ರನ್ನು ಬದಲಿಸೋ ಖರ್ಚು ಕೋರ್ಟಿಗೆ ಓಡಾಡೋ ಖರ್ಚಿನ ಮುಂದೆ ಏನೂ ಅಲ್ಲ. ನೋಟಿಸ್ ಬಂದಾಗಿದ್ದರೆ ಮೂರು ತಿಂಗಳು ಸಮಯ ಕೇಳಿ, ಪರಿಹಾರದ ಮಾತು ಬಿಡಿಸಿಕೊಂಡು ಒಪ್ಪಂದ ಮಾಡಿಕೊಳ್ಳಿ. ಗಿರಾಕಿಗಳು ಹೋಗಿಬಿಡ್ತಾರೆ ಅನ್ನೋ ಭಯ ಬೇಡ. ದಾವಣಗೆರೆಯಲ್ಲಿ ನಿಮ್ಮನ್ನು ಯಾರು ಕಂಪನಿ ಹೆಸರಿಂದ ಕರೀತಾರೆ? ‘ಹರಿಹರದ ಅಕ್ಕ ಬರ್ತಾರೆ, ಟ್ಯಾಂಕ್ ತೊಳೆಯೋಕೆ’ ಅಂತ ತಾನೇ?

ಇನ್ನು ಹೆಸರು ನಿಮ್ಮದೇ ಆಗಿದ್ದರೆ ನೋಂದಾಯಿಸಿಕೊಳ್ಳಿ. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಕರ್ನಾಟಕಕ್ಕೆ ಚೆನ್ನೈ ಕಚೇರಿ. ಏಜೆಂಟರ ಮೂಲಕ ಹಾಕಿದರೂ ಅರ್ಜಿಯಲ್ಲಿ ನಿಮ್ಮದೇ ಇ-ಮೇಲ್ ಇರಲಿ, ವಾರಕ್ಕೊಮ್ಮೆ ತೆಗೆದು ನೋಡಿ. ಯಾಕೆ ಹೇಳ್ತೀನಿ ಅಂದರೆ, ಕಚೇರಿಯ ಆಕ್ಷೇಪಕ್ಕೆ ಉತ್ತರ ಕೊಡಲು ಒಂದೇ ತಿಂಗಳು. ಆಮೇಲೆ ಹೆಸರು ಜರ್ನಲ್‌ನಲ್ಲಿ ಪ್ರಕಟವಾಗುತ್ತೆ, ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ತಕರಾರು ತೆಗೆಯಬಹುದು. ತಕರಾರು ಬಂದರೆ ಎರಡು ತಿಂಗಳಲ್ಲಿ ನಿಮ್ಮ ಪ್ರತಿಹೇಳಿಕೆ ಹೋಗಬೇಕು. ಹೋಗದಿದ್ದರೆ ಅರ್ಜಿಯನ್ನು ನೀವೇ ಕೈಬಿಟ್ಟಂತೆ. ಸರಿ-ತಪ್ಪಿನ ವಿಚಾರಣೆಯೇ ಆಗದೆ, ಮೇಲ್ ನೋಡದ ತಪ್ಪಿಗೆ ಹೆಸರು ಕೈತಪ್ಪುತ್ತೆ. ನೋಂದಣಿ ಆಗೋ ತನಕ ಹೆಸರಿನ ಪಕ್ಕ ‘ಟಿಎಂ’ ಅಂತ ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ಗುರುತನ್ನು ಮಾತ್ರ ಈಗಲೇ ಹಾಕಬೇಡಿ, ಅದು ತಪ್ಪು, ದಂಡಕ್ಕೆ ದಾರಿ.

ನಮ್ಮ ಓದುಗರ ವಿಷಯಕ್ಕೆ ಬರ್ತೀನಿ. ಐಪಿ ಇಂಡಿಯಾದಲ್ಲಿ ನೋಡಿದಾಗ ಕಂಪನಿಯ ನೋಂದಣಿ ಇದ್ದದ್ದು ಲಿಕ್ವಿಡ್ಡಿನ 3ನೇ ವರ್ಗಕ್ಕೆ ಮಾತ್ರ. ಬಳಕೆ ಶುರುವಾದದ್ದು 2016ರಲ್ಲಿ ಅಂತ ಅವರೇ ಬರೆದುಕೊಂಡಿದ್ದರು, ಅರ್ಜಿ ಅದಕ್ಕೂ ಆಮೇಲಿನದು. ಬೇಳೆ ಡಬ್ಬಿಯ ಕೆಳಗಿನ ಪಾಂಪ್ಲೆಟ್ಟು 2014ರದ್ದು! ಉತ್ತರ ಒಂದೂವರೆ ಪುಟದ್ದು. ಈ ಹೆಸರಲ್ಲಿ ದಾವಣಗೆರೆ, ಹರಿಹರದಲ್ಲಿ ಶುಚಿ ಮಾಡುವ ಸೇವೆಯನ್ನು 2014ರಿಂದ ನಡೆಸುತ್ತಿದ್ದೇನೆ, ದಾಖಲೆಗಳಿವೆ, ಅದನ್ನು ಮುಂದುವರಿಸುತ್ತೇನೆ. ಬಾಟಲಿಯ ಮೇಲೆ ಈ ಹೆಸರು ಹಾಕುವುದನ್ನು ನಿಲ್ಲಿಸಿದ್ದೇನೆ. ಪರಿಹಾರ ಕೊಡುವ ಕಾರಣ ಕಾಣುವುದಿಲ್ಲ. ಅಷ್ಟೇ. ಬಾಟಲಿ ಬಿಡೋಕೆ ಅವರಿಗೆ ಮನಸ್ಸಿರಲಿಲ್ಲ, ತಿಂಗಳಿಗೆ ಮೂರು ನಾಲ್ಕು ಸಾವಿರ ಬರ್ತಿತ್ತು ಪಾಪ. ಎರಡು ದಿನ ನನ್ನ ಮೇಲೂ ಮುನಿಸಿಕೊಂಡಿದ್ದರು.

ಕಂಪನಿಯಿಂದ ಇನ್ನೂ ಮಾರುತ್ತರ ಬಂದಿಲ್ಲ. ಬಂದರೂ ಬರಬಹುದು. ಮೊನ್ನೆ ನಾನು ಫೋನ್ ಮಾಡಿದಾಗ ಉಳಿದ ಬಾಟಲಿಗಳನ್ನೆಲ್ಲ ದೊಡ್ಡ ಬಕೆಟ್ಟಿನಲ್ಲಿ ನೆನೆಹಾಕಿದ್ದರಂತೆ. ಮಗಳು ಪಕ್ಕದಲ್ಲಿ ಕೂತು ತನ್ನದೇ ಹೆಸರಿನ ಲೇಬಲ್ಲನ್ನು ಉಗುರಲ್ಲಿ ಕೆರೆದು ಕೀಳುತ್ತಿದ್ದಳಂತೆ. ‘ನನ್ನ ಹೆಸರು ಇಷ್ಟು ಗಟ್ಟಿ ಅಂಟಿಸಿದ್ಯಲ್ಲ ಅಮ್ಮ’ ಅಂತ ನಗೋದು ಕೇಳಿಸಿತು. ಮಾತು ಮುಂದುವರಿಸೋಣ ಅಂದರೆ ಅವರಿಗೆಲ್ಲಿ ಪುರುಸೊತ್ತು? ‘ಶುಕ್ರವಾರ ವಿದ್ಯಾನಗರದಾಗೆ ಗೃಹಪ್ರವೇಶ ಐತ್ರಿ, ಮೂರು ಬಾತ್‌ರೂಮು ಹಂಗೇ ಬಿದ್ದಾವೆ, ಆಮೇಲೆ ಮಾಡ್ತೀನಿ’ ಅಂತ ಫೋನ್ ಇಟ್ಟರು.